ಮುಖ ಕಾಣದ ಟೇಬಲ್‌ನಲ್ಲಿ ಎದುರಾಳಿಯ ಕೈ ಓದೋದು ಹೇಗೆ?

ಆನ್‌ಲೈನ್ ಪೋಕರ್‌ನಲ್ಲಿ ಮೂರು ಸಲ ಬೆಟ್ ಮಾಡಿದವನ ಹತ್ತಿರ ಏನಿದೆ ಅಂತ ಗೊತ್ತೇ ಆಗಲ್ಲ, ಮುಖ ಕಾಣದೆ ಓದೋದು ಹೇಗೆ, ಬೇಗ ಬಟನ್ ಒತ್ತಿದರೆ ಬ್ಲಫ್ (ಒಳ್ಳೇ ಎಲೆ ಇಲ್ಲದೆ ಹೆದರಿಸೋದು) ಅಂತಾರಲ್ಲ ನಿಜವಾ ಅಂತ ಕೇಳಿದ್ದೀರಿ. ನನ್ನದೇ ಹಳೇ ಪ್ರಶ್ನೆ. ನಾನು ಸೋತ ಒಂದು ಕೈ ಹೇಳ್ತೀನಿ, ಉತ್ತರದ ಮುಕ್ಕಾಲು ಪಾಲು ಅದರಲ್ಲೇ ಇದೆ.

ಆರು ಜನರ ನೋ-ಲಿಮಿಟ್ ಹೋಲ್ಡೆಮ್: ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ, ಟೇಬಲ್ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ಬೆಟ್‌ಗೆ ಮಿತಿ ಇಲ್ಲ. 2 ಸೆಂಟ್–5 ಸೆಂಟ್ ಟೇಬಲ್, ಅಂದರೆ ಎಲೆ ಹಂಚೋಕೆ ಮುಂಚೆ ಇಬ್ಬರು ಕಡ್ಡಾಯವಾಗಿ ಹಾಕೋ ದುಡ್ಡು ಅಷ್ಟು. ದೊಡ್ಡದು, 5 ಸೆಂಟ್‌ನದ್ದು, ಬಿಗ್ ಬ್ಲೈಂಡ್; ಕೆಳಗಿನ ಲೆಕ್ಕವೆಲ್ಲ ಅದರಲ್ಲೇ. ಈ ಕೈ ಆಡಿದ ನಮ್ಮಿಬ್ಬರ ಮುಂದೆಯೂ 100 ಬಿಗ್ ಬ್ಲೈಂಡ್. ಮೊದಲ ಸೀಟಿನವನು 3 ಬ್ಲೈಂಡ್‌ಗೆ ಏರಿಸಿದ. ನಾನು ಬಟನ್‌ನಲ್ಲಿದ್ದೆ, ಅಂದರೆ ಟೇಬಲ್ ಮೇಲೆ ಎಲೆ ತೆರೆದ ಮೇಲೆ ಎಲ್ಲರಿಗಿಂತ ಕೊನೆಗೆ ಆಡೋ ಸೀಟಿನಲ್ಲಿ. ಕೈಯಲ್ಲಿ ಸ್ಪೇಡ್ ಕಿಂಗ್, ಸ್ಪೇಡ್ ಕ್ವೀನ್. ಕಾಲ್ ಮಾಡಿದೆ (ಅವನಷ್ಟೇ ಹಾಕಿದೆ), ಉಳಿದವರೆಲ್ಲ ಫೋಲ್ಡ್ (ಎಲೆ ಎಸೆದರು). ಪಾಟ್, ಅಂದರೆ ನಡುವೆ ಸೇರಿದ ದುಡ್ಡು, 7.4. ಫ್ಲಾಪ್ (ಟೇಬಲ್ ಮೇಲೆ ತೆರೆದ ಮೊದಲ ಮೂರು ಎಲೆ) ಡೈಮಂಡ್ ಕಿಂಗ್, ಸ್ಪೇಡ್ 8, ಕ್ಲಬ್ 3. ಅವನು 5 ಹಾಕಿದ, ಕಾಲ್. ಟರ್ನ್ (ನಾಲ್ಕನೇ ಎಲೆ) ಹಾರ್ಟ್ 6. ಅವನು 12, ಕಾಲ್. ಪಾಟ್ ಈಗ 41.4. ರಿವರ್ (ಐದನೇ, ಕೊನೆಯ ಎಲೆ) ಡೈಮಂಡ್ 2. ಅವನು 41 ಹಾಕಿದ.

"ಏಸ್-ಕ್ವೀನ್ ಇಟ್ಕೊಂಡು ಹೆದರಿಸ್ತಿದ್ದಾನೆ" ಅಂದ್ಕೊಂಡು ಕಾಲ್ ಒತ್ತಿದೆ. ತೋರಿಸಿದ್ದು ಏಸ್-ಕಿಂಗ್. ಹೋದದ್ದು 61 ಬ್ಲೈಂಡ್, ಅಂದರೆ ಮೂರು ಡಾಲರ್ ಚಿಲ್ಲರೆ. ಆ ಮೂರು ಡಾಲರ್ ಹಾಳಾಗಲಿ, ಅದೇ ತಪ್ಪನ್ನು ತಿಂಗಳುಗಟ್ಟಲೆ ಮಾಡ್ತಾ ಇದ್ದದ್ದು ದುಬಾರಿಯಾಯ್ತು.

ತಪ್ಪು ಏನು ಅಂತ ನಿಧಾನವಾಗಿ ನೋಡೋಣ. ಕಾಲ್ ಮಾಡಿದ್ದು ಅಲ್ಲ. ರಿವರ್ ಬಿದ್ದ ಮೇಲೆ ಯೋಚನೆ ಶುರು ಮಾಡಿ, ನನಗೆ ಬೇಕಾದ ಒಂದೇ ಕೈಯನ್ನು ಅವನಿಗೆ ಕೊಟ್ಟುಬಿಟ್ಟದ್ದು. ಎದುರಾಳಿಗೆ "ಒಂದು ಕೈ" ಅಂತ ಇರೋದಿಲ್ಲ ಸ್ವಾಮಿ, ನಿಮ್ಮ ಲೆಕ್ಕದಲ್ಲಿ ಅವನ ಹತ್ತಿರ ಯಾವಾಗಲೂ ಒಂದು ಗುಂಪು ಇರತ್ತೆ. ಅದನ್ನೇ ರೇಂಜ್ ಅನ್ನೋದು. ಪ್ರತಿ ಬೆಟ್‌ಗೂ ಆ ಗುಂಪಿನಿಂದ ಒಂದಷ್ಟನ್ನು ಹೊಡೆದು ಹಾಕ್ತಾ ಬರಬೇಕು. ಹೊಡೆದದ್ದು ವಾಪಸ್ ಬರೋ ಹಾಗಿಲ್ಲ.

ಲೆಕ್ಕ ಹೀಗೆ. ಎರಡೆರಡು ಎಲೆಯ ಜೋಡಿಗಳು ಒಟ್ಟು 1326. ಯಾವುದೇ ಪೇರ್ (7-7 ಥರ ಒಂದೇ ಅಂಕಿಯ ಎರಡು ಎಲೆ) 6 ರೀತಿ ಬರಬಹುದು, ಏಸ್-ಕಿಂಗ್ ಥರದ್ದು 16 ರೀತಿ. ಅದರಲ್ಲಿ ಒಂದೇ ಬಣ್ಣದ್ದು 4, ಬೇರೆ ಬಣ್ಣದ್ದು 12 (ಬಣ್ಣ ಅಂದರೆ ಇಲ್ಲಿ ಕೆಂಪು-ಕಪ್ಪು ಅಲ್ಲ, ಸ್ಪೇಡ್, ಹಾರ್ಟ್, ಡೈಮಂಡ್, ಕ್ಲಬ್). ಆ ಆಸಾಮಿ ನೂರಕ್ಕೆ 14 ಕೈ ಮಾತ್ರ ಆಡ್ತಿದ್ದ, 11 ಸಲ ರೈಸ್ ಮಾಡ್ತಿದ್ದ (ಬೆಟ್ ಏರಿಸ್ತಿದ್ದ). ಅಂಥವನು ಮೊದಲ ಸೀಟಿನಿಂದ ಏರಿಸಿದರೆ 7-7ರಿಂದ ಮೇಲಿನ ಪೇರ್‌ಗಳು, ಒಂದೇ ಬಣ್ಣದ ಏಸ್-10ರಿಂದ ಏಸ್-ಕಿಂಗ್, ಬೇರೆ ಬಣ್ಣದ ಏಸ್-ಕ್ವೀನ್ ಮತ್ತು ಏಸ್-ಕಿಂಗ್, ಒಂದೇ ಬಣ್ಣದ ಕಿಂಗ್-ಕ್ವೀನ್, ಕಿಂಗ್-ಜಾಕ್, ಕ್ವೀನ್-ಜಾಕ್, ಜಾಕ್-10. ಕೂಡಿದರೆ 104, ಅಂದರೆ ಶೇ. 8ರ ಹತ್ತಿರ. ಫ್ಲಾಪ್‌ಗೆ ಮುಂಚೆಯೇ ಸಾವಿರದ ಇನ್ನೂರಕ್ಕೂ ಹೆಚ್ಚು ಜೋಡಿ ಕಸದ ಬುಟ್ಟಿಗೆ.

ಈಗ ರಿವರ್. ನನ್ನನ್ನು ಸೋಲಿಸೋ ಕೈಗಳು ಎಷ್ಟು? ಏಸ್ ನಾಲ್ಕಿವೆ, ಕಿಂಗ್ ಎರಡೇ ಉಳಿದಿವೆ, ಯಾಕಂದರೆ ಒಂದು ಬೋರ್ಡ್ ಮೇಲೆ (ಟೇಬಲ್ ಮೇಲೆ ತೆರೆದ ಎಲೆಗಳಲ್ಲಿ), ಒಂದು ನನ್ನ ಕೈಯಲ್ಲಿ. ಹಾಗಾಗಿ ಏಸ್-ಕಿಂಗ್ 8. ಏಸ್-ಏಸ್ 6, ಕಿಂಗ್-ಕಿಂಗ್ 1, 8-8 ಮೂರು. ಒಟ್ಟು 18. 82.4 ಗೆಲ್ಲೋಕೆ ನಾನು 41 ಕೊಡಬೇಕು, ಅಂದರೆ ಮೂರರಲ್ಲಿ ಒಂದು ಸಲವಾದರೂ ನಾನು ಗೆದ್ದಿರಬೇಕು. 18ಕ್ಕೆ ಎದುರಾಗಿ ನಾನು ಸೋಲಿಸೋ 9 ಕೈ ಬೇಕು. ಏಸ್-ಕ್ವೀನ್ 12 ಇವೆ, ಒಂದು ಕ್ವೀನ್ ನನ್ನ ಹತ್ತಿರ ಇರೋದರಿಂದ 16 ಅಲ್ಲ. 12 ಅಂದರೆ 9ಕ್ಕಿಂತ ಜಾಸ್ತಿ, ಕಾಲ್ ಸರಿ ಅಲ್ವಾ?

ನಾನು ಬಿದ್ದದ್ದು ಇಲ್ಲೇ. ಆ 12 ಪ್ರೀ-ಫ್ಲಾಪ್‌ನ, ಅಂದರೆ ಫ್ಲಾಪ್‌ಗೆ ಮುಂಚಿನ, 12. ಕಿಂಗ್ ಬಿದ್ದ ಫ್ಲಾಪ್‌ನಲ್ಲಿ ಅವನು ಅಷ್ಟಕ್ಕೂ ಬೆಟ್ ಮಾಡಿರಬಹುದು. ನಾನು ಕಾಲ್ ಮಾಡಿದ ಮೇಲೆ ಟರ್ನ್‌ನಲ್ಲಿ, ಏನೂ ಸಿಗದ ಕೈಯಲ್ಲಿ, ಇಂಥ ಬಿಗಿ ಆಟಗಾರ ಅರ್ಧಕ್ಕಾದರೂ ನಿಲ್ಲಿಸ್ತಾನೆ, 6 ಉಳಿಯಿತು. ರಿವರ್‌ನಲ್ಲಿ ಪಾಟ್‌ನಷ್ಟೇ ದೊಡ್ಡ ಬೆಟ್ ಅಂದರೆ ಮತ್ತೆ ಅರ್ಧ, ಧಾರಾಳವಾಗಿ ಕೊಟ್ಟರೂ 3. ಕ್ವೀನ್-ಕ್ವೀನ್, ಜಾಕ್-ಜಾಕ್, ಕಿಂಗ್-ಜಾಕ್ ಎಲ್ಲ ಒಂದು ಬೆಟ್ ಮಾಡಿ ಚೆಕ್ ಮಾಡೋ (ಬೆಟ್ ಹಾಕದೆ ಸುಮ್ಮನಾಗೋ) ಕೈಗಳು, ಅವು ಟರ್ನ್‌ನಲ್ಲೇ ಹೋದವು. ಬೋರ್ಡ್‌ನಲ್ಲಿ ಫ್ಲಶ್‌ಗೆ (ಒಂದೇ ಬಣ್ಣದ ಐದು ಎಲೆಗೆ) ಕಾಯ್ತಾ ಕೂರೋಕೆ ಒಂದು ಬಣ್ಣವೂ ಇರಲಿಲ್ಲ, ಹಾಗಾಗಿ ಸಿಗದೇ ಹೋದ ಡ್ರಾ (ಬೇಕಾದ ಎಲೆಗೆ ಕಾಯ್ತಿದ್ದ ಕೈ) ಅನ್ನೋ ಸಮಾಧಾನವೂ ಇಲ್ಲ. 21ರಲ್ಲಿ 3, ಶೇ. 14. ಬೇಕಿದ್ದದ್ದು ಶೇ. 33. ಫೋಲ್ಡ್, ಕಣ್ಣು ಮುಚ್ಕೊಂಡು ಫೋಲ್ಡ್.

ಅದೇ ಬೋರ್ಡ್, ಅದೇ ಬೆಟ್, ನೂರಕ್ಕೆ 40 ಕೈ ಆಡಿ 30 ಸಲ ರೈಸ್ ಮಾಡೋನು ಕೂತಿದ್ದರೆ? ಅವನ ಹತ್ತಿರ ಕಿಂಗ್-ಜಾಕ್ 8, ಕಿಂಗ್-10 ಎಂಟು ಇವೆ, ಅದಕ್ಕೂ ಮೂರು ಸಲ ಹಾಕ್ತಾನೆ. ಏಸ್-ಜಾಕ್ 16 ಇವೆ, ಅದರಲ್ಲೂ ಒಂದಷ್ಟು ಕೊನೆವರೆಗೂ ಬರತ್ತೆ. ಅಲ್ಲಿ ಅದೇ ಕಾಲ್ ಸರಿ. ಯಾರು ಅನ್ನೋದು ಗೊತ್ತಿಲ್ಲದೆ ಏನಿದೆ ಅನ್ನೋದು ಗೊತ್ತಾಗಲ್ಲ.

ನಮ್ಮವರಿಗೆ ಇದು ಹೊಸದೇನಲ್ಲ. ರಮ್ಮಿಯಲ್ಲಿ ಪಕ್ಕದವರು ಹಾರ್ಟ್ 7 ಎತ್ತಿಕೊಂಡರೆ 6, 8 ಎರಡನ್ನೂ ಕೈಯಲ್ಲೇ ಬಿಗಿಹಿಡಿಯೋ ಅಜ್ಜಿಯಂದಿರು ಮಾಡೋದೂ ಇದನ್ನೇ. ಮುಖ ಯಾರು ನೋಡ್ತಾರೆ, ಎತ್ತಿದ್ದೇನು ಬಿಟ್ಟದ್ದೇನು ಅಂತ ನೋಡ್ತಾರೆ.

ಅದಕ್ಕೇ ಬೇಗ ಒತ್ತಿದನಾ ತಡವಾಗಿ ಒತ್ತಿದನಾ ಅನ್ನೋದನ್ನು ನಾನಾದರೆ ಕಡೆಗೆ ಇಡ್ತೀನಿ. ನಾಲ್ಕು ಟೇಬಲ್ ತೆರೆದಿಟ್ಟವನು ತಡ ಮಾಡೋದು ಇನ್ನೊಂದು ಟೇಬಲ್‌ನಲ್ಲಿ ದೊಡ್ಡ ಪಾಟ್ ಇದ್ದದ್ದಕ್ಕೆ, ಅಥವಾ ನೆಟ್ ಕೈಕೊಟ್ಟದ್ದಕ್ಕೆ. ಸ್ವಲ್ಪ ಬೆಲೆ ಇರೋದು ಒಂದಕ್ಕೆ: ಫ್ಲಾಪ್‌ನಲ್ಲಿ ಕಣ್ಣು ಮಿಟುಕಿಸೋದರೊಳಗೆ ಬಂದ ಕಾಲ್. ಅದು ಹೆಚ್ಚಾಗಿ ಡ್ರಾ ಅಥವಾ ಮಧ್ಯಮ ಪೇರ್, ಯಾಕಂದರೆ ಗಟ್ಟಿ ಕೈ ಇದ್ದವನು ರೈಸ್ ಮಾಡಲಾ ಅಂತ ಒಂದು ಕ್ಷಣ ಯೋಚಿಸ್ತಾನೆ. ಬೆಟ್ ಗಾತ್ರ ಅದಕ್ಕಿಂತ ಎಷ್ಟೋ ಹೆಚ್ಚು ಹೇಳತ್ತೆ. ಸಣ್ಣ ಟೇಬಲ್‌ಗಳಲ್ಲಿ ಇಡೀ ಆಟ ಬರೀ ಕಾಲ್ ಮಾಡ್ತಿದ್ದವನು ಟರ್ನ್ ಅಥವಾ ರಿವರ್‌ನಲ್ಲಿ ಇದ್ದಕ್ಕಿದ್ದಂತೆ ರೈಸ್ ಮಾಡಿದರೆ ಒಂದು ಪೇರ್ ಇಟ್ಕೊಂಡು ವಾದ ಮಾಡಬೇಡಿ, ಎಸೆದುಬಿಡಿ.

ಎದುರಾಳಿ ಹೇಗೆ ಆಡ್ತಾನೆ ಅನ್ನೋ ಅಂಕಿ ತೋರಿಸೋ ಸಾಫ್ಟ್‌ವೇರ್ ಬಗ್ಗೆ: ಕೆಲವು ತಾಣಗಳಲ್ಲಿ ನಿಷೇಧ ಇದೆ, ಜಿಜಿಪೋಕರ್ ಅನ್ನೋ ತಾಣ ಹೊರಗಿನ ಇಂಥ ಯಾವುದನ್ನೂ ಬಿಡಲ್ಲ, ಮೊದಲು ನಿಯಮ ಓದಿ. ಇದ್ದರೂ ಎಲ್ಲ ಅಂಕಿಯನ್ನೂ ನಂಬಬೇಡಿ. ಎಷ್ಟು ಕೈ ಆಡ್ತಾನೆ, ಎಷ್ಟು ರೈಸ್ ಅನ್ನೋ ಎರಡು ಅಂಕಿ 100 ಕೈ ಆದಮೇಲೆ ಒಂದು ಅಂದಾಜು ಕೊಡತ್ತೆ. ಮರು-ರೈಸ್ ಅಂಕಿಗೆ ಹಲವು ನೂರು ಬೇಕು. ರಿವರ್ ಅಂಕಿಗಳಿಗೆ ಸಾವಿರಗಟ್ಟಲೆ ಬೇಕು, 60 ಕೈ ನೋಡಿ "ಇವನು ರಿವರ್‌ನಲ್ಲಿ ಬ್ಲಫ್ ಮಾಡಲ್ಲ" ಅನ್ನೋದು ಜಾತಕ ನೋಡಿದ ಹಾಗೆ.

ಅಭ್ಯಾಸ ಮಾಡಬೇಕಾದದ್ದು ನೀವು ಫೋಲ್ಡ್ ಮಾಡಿದ ಕೈಗಳಲ್ಲಿ. ದುಡ್ಡು ಸಿಕ್ಕಿಹಾಕಿಕೊಂಡಾಗ ತಲೆ ನೆಟ್ಟಗಿರಲ್ಲ. ಒಂದೇ ಟೇಬಲ್ ತೆರೆಯಿರಿ. ಬೇರೆ ಇಬ್ಬರು ಆಡ್ತಿರುವಾಗ ಏರಿಸಿದವನ ರೇಂಜನ್ನು ಪ್ರೀ-ಫ್ಲಾಪ್‌ನಲ್ಲೇ ಕಾಗದದ ಮೇಲೆ ಬರೆದು, ಒಂದೊಂದು ಬೆಟ್‌ಗೂ ಹೊಡೆದು ಹಾಕ್ತಾ ಬನ್ನಿ. ಎಲೆ ತೋರಿಸಿದಾಗ ಅದು ನಿಮ್ಮ ಪಟ್ಟಿಯಲ್ಲಿತ್ತಾ, ಇಲ್ಲದಿದ್ದರೆ ಯಾವ ಬೆಟ್‌ನಲ್ಲಿ ತಪ್ಪಿ ಹೊಡೆದಿರಿ ಅಂತ ಹುಡುಕಿ. ಹಲವು ತಾಣಗಳಲ್ಲಿ ಕೊನೆಯ ಕಾಲ್ ಆದಮೇಲೆ ಸೋತವನು ಎಲೆ ಮುಚ್ಚಿದರೂ ಹ್ಯಾಂಡ್ ಹಿಸ್ಟರಿಯಲ್ಲಿ (ಆಡಿದ ಕೈಗಳ ದಾಖಲೆಯಲ್ಲಿ) ಕಾಣತ್ತೆ, ಅದನ್ನು ಯಾರೂ ತೆರೆದು ನೋಡಲ್ಲ. ದಿನಕ್ಕೆ ಹತ್ತು ಕೈ ಸಾಕು.

ನೀವು ಮ್ಯಾಂಚೆಸ್ಟರ್‌ನಲ್ಲಿದ್ದೀರಿ ಅಂತ ಬರೆದಿದ್ದೀರಿ, ಅಲ್ಲಿ ಪರವಾನಗಿ ಇರೋ ತಾಣಗಳಿವೆ. ಇದನ್ನು ಭಾರತದಲ್ಲಿ ಕೂತು ಓದ್ತಿರೋರಿಗೆ ಒಂದು ಮಾತು: 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಕೌಶಲದ ಆಟ ಅನ್ನೋ ವಿನಾಯಿತಿಯೂ ಇಲ್ಲ. ಉಚಿತ ಚಿಪ್ಸ್ ಟೇಬಲ್‌ನಲ್ಲಿ ಇದನ್ನೆಲ್ಲ ಕಲಿಯೋಕೆ ಹೋಗಬೇಡಿ, ಅಲ್ಲಿ ಕಳೆದುಕೊಳ್ಳೋಕೆ ಏನೂ ಇಲ್ಲದ್ದರಿಂದ 7-2ರಂಥ ಕಳಪೆ ಕೈ ಇಟ್ಕೊಂಡವನೂ ರಿವರ್‌ವರೆಗೆ ಬರ್ತಾನೆ, ಹೊಡೆದು ಹಾಕೋಕೆ ಏನೂ ಸಿಗಲ್ಲ.

ಎದುರಾಳಿಯ ಹೆಸರಿನ ಮುಂದೆ ನೋಟ್ ಬರೆಯುವಾಗ "ಬ್ಲಫ್ ಮಾಸ್ಟರ್", "ಕತ್ತೆ" ಅಂತೆಲ್ಲ ಬರೀಬೇಡಿ. "ಮೊದಲ ಸೀಟು, 3 ಬ್ಲೈಂಡ್, ಕಿಂಗ್-8-3ರಲ್ಲಿ ಪಾಟ್‌ನ ಮೂರನೇ ಎರಡು, ಟರ್ನ್ 6 ಅದೇ ಅಳತೆ, ರಿವರ್ 2 ಪೂರ್ತಿ ಪಾಟ್, ತೋರಿಸಿದ್ದು ಏಸ್-ಕಿಂಗ್." ಇಷ್ಟೇ. ಮುಂದಿನ ಸಲ ಅದೇ ಮನುಷ್ಯ ಮೂರನೇ ಬೆಟ್ ಹಾಕಿದಾಗ ಓದೋಕೆ ಬೇಕಾದದ್ದು ಇಷ್ಟೇ.