ಇಂಪೋರ್ಟ್ ಮಾಡಿದ ಫೋಟೋ ಎಲ್ಲಾ ಒಂದೇ ಫೋಲ್ಡರಲ್ಲಿ ರಾಶಿ ಬಿದ್ದಿದೆ, ಹೇಗೆ ವಿಂಗಡಿಸೋದು?

ಪ್ರಶ್ನೆ: ಕ್ಯಾಮೆರಾ, ಎರಡು ಫೋನು, ಒಂದು ಹಳೇ ಹಾರ್ಡ್ ಡಿಸ್ಕು, ಇಷ್ಟರಿಂದ ಫೋಟೋ ತಗೊಂಡು ಲೈಟ್‌ರೂಮ್ ಕ್ಲಾಸಿಕ್ ಅನ್ನೋ ಫೋಟೋ ಎಡಿಟಿಂಗ್ ಸಾಫ್ಟ್‌ವೇರಿಗೆ ಇಂಪೋರ್ಟ್ ಮಾಡಿದೀನಿ ಸರ್. ಎಲ್ಲಾ ಒಂದೇ ಫೋಲ್ಡರಿಗೆ ಹೋಗಿ ಕೂತಿವೆ. ಹೀಗಾದ್ರೆ ಆಗಲ್ಲ ಅಂತ ವಿಂಡೋಸ್ ಫೈಲ್ ಎಕ್ಸ್‌ಪ್ಲೋರರಲ್ಲಿ ವರ್ಷಕ್ಕೊಂದು ಫೋಲ್ಡರ್ ಮಾಡಿ ಸುಮಾರು ಫೋಟೋ ಅಲ್ಲಿಗೆ ಹಾಕ್ದೆ, ಈಗ ಲೈಟ್‌ರೂಮಲ್ಲಿ ಅವುಗಳ ಮೇಲೆಲ್ಲಾ ಆಶ್ಚರ್ಯಸೂಚಕ ಚಿಹ್ನೆ ಬರ್ತಿದೆ. ಮಾಡಿದ ಎಡಿಟ್ ಎಲ್ಲಾ ಹೋಯ್ತಾ? ಫೋಲ್ಡರ್ ಮಾಡೋಕೆ ಸರಿಯಾದ ದಾರಿ ಯಾವ್ದು?

ಉತ್ತರ: ಹೋಗಿಲ್ಲ, ಗಾಬರಿ ಆಗ್ಬೇಡಿ. ಲೈಟ್‌ರೂಮ್ ನಿಮ್ಮ ಫೋಟೋನ ತನ್ನೊಳಗೆ ಇಟ್ಕೊಳಲ್ಲ, ಯಾವ ಫೈಲ್ ಯಾವ ಫೋಲ್ಡರಲ್ಲಿದೆ, ಅದಕ್ಕೆ ಏನೇನು ಎಡಿಟ್ ಮಾಡಿದೀರಿ ಅನ್ನೋದನ್ನ ಮಾತ್ರ ಕ್ಯಾಟಲಾಗ್ ಅನ್ನೋ ಒಂದು ಫೈಲಲ್ಲಿ ಬರ್ಕೊಂಡಿರತ್ತೆ. ನೀವು ಹೊರಗಡೆಯಿಂದ ಫೈಲ್ ಎತ್ತಿ ಬೇರೆ ಕಡೆ ಇಟ್ರೆ ಅದು ಹಳೇ ಅಡ್ರೆಸ್ಸಲ್ಲೇ ಹುಡುಕ್ತಾ ಇರತ್ತೆ, ಸಿಗ್ದೇ ಇದ್ದಾಗ ಆ ಚಿಹ್ನೆ ತೋರಿಸತ್ತೆ, ಅಷ್ಟೇ. ಎಡಿಟ್ ಕ್ಯಾಟಲಾಗಲ್ಲೇ ಭದ್ರವಾಗಿದೆ.

ಸರಿ ಮಾಡೋದು ಹೇಗೆ ಅಂದ್ರೆ, ಆ ಚಿಹ್ನೆ ಮೇಲೆ ಕ್ಲಿಕ್ ಮಾಡಿ 'ಲೊಕೇಟ್' ಒತ್ತಿ, ಫೋಟೋ ಈಗ ಎಲ್ಲಿದೆಯೋ ಅಲ್ಲಿಗೆ ಹೋಗಿ ಅದೇ ಫೈಲನ್ನ ತೋರಿಸಿ. ಅಲ್ಲೇ 'ಫೈಂಡ್ ನಿಯರ್‌ಬೈ ಮಿಸ್ಸಿಂಗ್ ಫೋಟೋಸ್' ಅಂತ ಒಂದು ಟಿಕ್ ಇರತ್ತೆ, ಅದನ್ನ ಹಾಕಿದ್ರೆ ಆ ಫೋಲ್ಡರಲ್ಲಿರೋ ಉಳಿದವನ್ನೂ ಅದೇ ಹುಡುಕಿ ಜೋಡಿಸ್ಕೊಳತ್ತೆ. ಇನ್ನೂ ಏನಾದ್ರೂ ಉಳೀತಾ ಅಂತ ನೋಡೋಕೆ ಲೈಬ್ರರಿ ಮೆನುವಲ್ಲಿ 'ಫೈಂಡ್ ಆಲ್ ಮಿಸ್ಸಿಂಗ್ ಫೋಟೋಸ್' ಇದೆ. ಆದ್ರೆ ಒಂದು ವಿಷಯದಲ್ಲಿ ತುಂಬಾ ಹುಷಾರಾಗಿರಿ, ದಯವಿಟ್ಟು. 'ಸಿಂಕ್ರೊನೈಸ್ ಫೋಲ್ಡರ್' ಅಂತ ಇನ್ನೊಂದು ಆಪ್ಷನ್ ಕಣ್ಣಿಗೆ ಬೀಳತ್ತೆ, ಅದ್ರಲ್ಲಿ ಸಿಗದೇ ಇರೋ ಫೋಟೋಗಳನ್ನ ಕ್ಯಾಟಲಾಗಿಂದ ತೆಗೀರಿ ಅನ್ನೋ ಟಿಕ್ ಇರತ್ತೆ, ಈ ಸ್ಥಿತೀಲಿ ಅದನ್ನ ಹಾಕಿ ಓಕೆ ಒತ್ತಿದ್ರೆ ಆಗ ನಿಜವಾಗ್ಲೂ ಕ್ಯಾಟಲಾಗಲ್ಲಿರೋ ಎಡಿಟ್, ಸ್ಟಾರ್ ರೇಟಿಂಗ್ ಎಲ್ಲಾ ಅದರ ಜೊತೆಗೇ ಹೋಗತ್ತೆ. ಮೊದಲು ಲೊಕೇಟ್ ಮಾಡಿ ಮುಗಿಸಿ, ಅಲ್ಲಿವರೆಗೂ ಅದರ ತಂಟೆಗೇ ಹೋಗ್ಬೇಡಿ.

ಇನ್ನು ವಿಂಗಡಣೆ. ಶುರು ಮಾಡೋ ಮುಂಚೆ ಫೋಟೋಗಳನ್ನ ಬೇರೆ ಡಿಸ್ಕಿಗೆ ಒಂದ್ಸಲ ಕಾಪಿ ಮಾಡಿಡಿ. ಲೈಟ್‌ರೂಮ್ ಮುಚ್ಚೋವಾಗ ಬ್ಯಾಕಪ್ ತಗೊಳ್ಳಲಾ ಅಂತ ಕೇಳತ್ತಲ್ಲ, ಅದು ಕ್ಯಾಟಲಾಗಿನ ಬ್ಯಾಕಪ್ ಮಾತ್ರ, ಅದ್ರಲ್ಲಿ ಒಂದು ಫೋಟೋನೂ ಇರಲ್ಲ, ಇದು ಎಷ್ಟೋ ಜನಕ್ಕೆ ಡಿಸ್ಕ್ ಕೆಟ್ಟ ಮೇಲೇ ಗೊತ್ತಾಗೋದು.

ಫೋಲ್ಡರ್ ಹೇಗಿರ್ಬೇಕು ಅಂದ್ರೆ ನನ್ನ ಅಭಿಪ್ರಾಯ ಸ್ಪಷ್ಟ, ಫೋಲ್ಡರ್ ತಾರೀಕಿನ ಪ್ರಕಾರ ಇರ್ಲಿ, ಯಾರಿದಾರೆ ಏನಿದೆ ಅನ್ನೋದು ಕೀವರ್ಡಲ್ಲಿರ್ಲಿ, ಅಂದ್ರೆ ಆಮೇಲೆ ಹುಡುಕೋಕೆ ಅಂತ ಫೋಟೋಗೆ ಅಂಟಿಸೋ ಪದಗಳಲ್ಲಿ. ಒಂದು ಫೋಟೋ ಒಂದೇ ಫೋಲ್ಡರಲ್ಲಿ ಇರೋಕೆ ಸಾಧ್ಯ. ಮಗಳ ಫೋಟೋ ಸಮುದ್ರದ ಹತ್ರ ತೆಗ್ದಿದ್ರೆ ಅದನ್ನ 'ಮಗಳು' ಫೋಲ್ಡರಿಗೆ ಹಾಕ್ತೀರಾ 'ಪ್ರವಾಸ' ಫೋಲ್ಡರಿಗೆ ಹಾಕ್ತೀರಾ? ಎರಡಕ್ಕೂ ಹಾಕಿದ್ರೆ ಎರಡು ಕಾಪಿ, ಆಮೇಲೆ ಒಂದನ್ನ ಎಡಿಟ್ ಮಾಡಿದ್ರೆ ಇನ್ನೊಂದು ಹಾಗೇ ಉಳ್ಕೊಳತ್ತೆ. ತಾರೀಕಿಗೆ ಈ ತಕರಾರೇ ಇಲ್ಲ. ಹಾಗಾಗಿ 2023 ಅಂತ ಒಂದು ಫೋಲ್ಡರ್, ಅದರೊಳಗೆ '2023-08-14 ಪ್ರವಾಸ' ಅಂತ ಒಂದೊಂದು ಸಂದರ್ಭಕ್ಕೆ ಒಂದೊಂದು. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, ಮತ್ತೆ 8 ಅಂತ ಬರೀದೆ 08 ಅಂತ ಬರೀರಿ, ಆಗ ಯಾವ ಸಾಫ್ಟ್‌ವೇರಲ್ಲಿ ತೆಗೆದ್ರೂ ಹೆಸರಿನ ಸಾಲು ತಾರೀಕಿನ ಸಾಲೇ ಆಗಿರತ್ತೆ.

ಈಗಾಗ್ಲೇ ರಾಶಿ ಬಿದ್ದಿರೋದನ್ನ ಲೈಟ್‌ರೂಮ್ ಒಳಗಿಂದಲೇ ಸರಿಸಿ. ಫೋಟೋಗಳೆಲ್ಲಾ ಚಿಕ್ಕದಾಗಿ ಸಾಲಾಗಿ ಕಾಣೋ ಗ್ರಿಡ್‌ನಲ್ಲಿ ಮೇಲೆ ಫಿಲ್ಟರ್ ಬಾರ್ ಇದೆ, ಅದ್ರಲ್ಲಿ 'ಮೆಟಾಡೇಟಾ' ಒತ್ತಿ 'ಡೇಟ್' ಕಾಲಮಲ್ಲಿ ಒಂದು ವರ್ಷ, ಬೇಕಾದ್ರೆ ಒಂದು ದಿನ ಆರಿಸಿ, ಬಂದದ್ದೆಲ್ಲಾ ಸೆಲೆಕ್ಟ್ ಮಾಡಿ, ಎಡಗಡೆ ಫೋಲ್ಡರ್ ಪ್ಯಾನೆಲಲ್ಲಿ ಹೊಸ ಸಬ್‌ಫೋಲ್ಡರ್ ಮಾಡೋವಾಗ ಸೆಲೆಕ್ಟ್ ಆಗಿರೋ ಫೋಟೋಗಳನ್ನೂ ಸೇರಿಸು ಅನ್ನೋ ಟಿಕ್ ಹಾಕಿ. ಡಿಸ್ಕಲ್ಲೂ ಫೈಲ್ ಸರಿಯತ್ತೆ, ಕ್ಯಾಟಲಾಗಿಗೂ ಗೊತ್ತಿರತ್ತೆ. ಈ ಮೂವ್‌ನ ಅನ್‌ಡೂ ಮಾಡೋಕಾಗಲ್ಲ ಅಂತ ಒಂದು ಎಚ್ಚರಿಕೆ ಬರಬಹುದು, ಅದು ನಿಜ, ಅದಕ್ಕೇ ಮೊದಲು ಕಾಪಿ ತೆಗೀರಿ ಅಂದಿದ್ದು.

ಇಲ್ಲಿ ತಾರೀಕು ಅಂದ್ರೆ ಕ್ಯಾಮೆರಾ ಕ್ಲಿಕ್ ಆದಾಗ ಫೋಟೋದೊಳಗೆ ಎಕ್ಸಿಫ್ ಡೇಟಾ ಅಂತ ಬರೀತದಲ್ಲ ಅದು, ಫೈಲಿನ 'ಡೇಟ್ ಮಾಡಿಫೈಡ್' ಅಲ್ಲ, ಆ ತಾರೀಕು ಎಡಿಟ್ ಮಾಡಿ ಸೇವ್ ಮಾಡಿದ್ರೆ ಸಾಕು ಬದಲಾಗತ್ತೆ, ಅದನ್ನ ನಂಬ್ಬೇಡಿ. ಕ್ಯಾಮೆರಾ ಗಡಿಯಾರ ತಪ್ಪಿದ್ರೆ ವಿಂಗಡಣೆಗೂ ಮುಂಚೆ 'ಎಡಿಟ್ ಕ್ಯಾಪ್ಚರ್ ಟೈಮ್'ನಲ್ಲಿ ಅಷ್ಟೂ ಫೋಟೋದ ಸಮಯ ಒಟ್ಟಿಗೆ ಸರಿ ಮಾಡ್ಕೊಳ್ಳಿ. ವಾಟ್ಸಾಪಲ್ಲಿ ಮಾಮೂಲಿ ಫೋಟೋ ಥರ ಕಳಿಸಿದ್ರಲ್ಲಿ ಎಕ್ಸಿಫ್ ತಾರೀಕು ಉಳಿಯಲ್ಲ, ಅವುಗಳನ್ನ ಬೇರೆ ಫೋಲ್ಡರಲ್ಲೇ ಇಡಿ, ಕ್ಯಾಮೆರಾ ಫೋಟೋ ಜೊತೆ ಬೆರೆಸ್ಬೇಡಿ.

ಮುಂದಿನ ಸಲದಿಂದ ಇಂಪೋರ್ಟ್ ವಿಂಡೋದಲ್ಲೇ ಮೇಲೆ 'ಕಾಪಿ' ಆರಿಸಿ, ಬಲಗಡೆ 'ಡೆಸ್ಟಿನೇಷನ್'ನಲ್ಲಿ 'ಇಂಟು ಒನ್ ಫೋಲ್ಡರ್' ಬದಲು 'ಬೈ ಡೇಟ್' ಹಾಕಿ, ಅರ್ಧ ಕೆಲಸ ಅಲ್ಲೇ ಮುಗೀತು.

ಪ್ರಶ್ನೆ: ನಾನು ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳಲ್ಲ. ಉಚಿತವಾದ್ದು ಇದೆಯಾ? ಮುಂದೆ ಸಾಫ್ಟ್‌ವೇರ್ ಬದಲಾಯಿಸಿದ್ರೆ ಮಾಡಿದ ಆಲ್ಬಮ್ ಎಲ್ಲಾ ಉಳಿಯತ್ತಾ?

ಉತ್ತರ: ಡಿಜಿಕ್ಯಾಮ್ ನೋಡಿ, ಉಚಿತ, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡತ್ತೆ. ಅದ್ರಲ್ಲಿ ನನಗೆ ಇಷ್ಟ ಆಗೋದು ಏನಂದ್ರೆ ಆಲ್ಬಮ್ ಅಂದ್ರೆ ಡಿಸ್ಕಲ್ಲಿರೋ ಫೋಲ್ಡರೇ, ಕ್ಯಾಮೆರಾದಿಂದ ಇಳಿಸ್ಕೊಳ್ಳೋವಾಗ ತಾರೀಕಿನ ಪ್ರಕಾರ ಸಬ್ ಆಲ್ಬಮ್ ಮಾಡು ಅಂತ ಹೇಳಿದ್ರೆ ಅದೇ ಮಾಡ್ಕೊಳತ್ತೆ. ಹಾಗಾಗಿ ನಾಳೆ ಅದನ್ನ ಬಿಟ್ರೂ ಫೋಲ್ಡರ್‌ಗಳು ಹಾಗೇ ಇರತ್ವೆ.

ಬೇರೆ ಕಡೆ ಹಾಗಲ್ಲ. ಲೈಟ್‌ರೂಮಿನ ಕಲೆಕ್ಷನ್, ಆಪಲ್ ಫೋಟೋಸಿನ ಆಲ್ಬಮ್ ಎಲ್ಲಾ ಆ ಸಾಫ್ಟ್‌ವೇರಿನ ಡೇಟಾಬೇಸಲ್ಲಿ ಮಾತ್ರ ಇರೋ ಪಟ್ಟಿ, ಹೊರಗೆ ಬಂದ್ರೆ ಕಾಣಲ್ಲ. ಆದ್ರೆ ಕೀವರ್ಡ್ ಮತ್ತೆ ರೇಟಿಂಗನ್ನ ಫೈಲಿಗೇ ಬರೆಸಬಹುದು, ಡಿಜಿಕ್ಯಾಮಲ್ಲಿ ಮೆಟಾಡೇಟಾ ಸೆಟಿಂಗಲ್ಲಿ ಅದಿದೆ, ಲೈಟ್‌ರೂಮಲ್ಲಿ ಸೆಲೆಕ್ಟ್ ಮಾಡಿ ಕಂಟ್ರೋಲ್ ಎಸ್ ಒತ್ತಿದ್ರೆ ಆಯ್ತು. ಜೆಪೆಗ್ ಆದ್ರೆ ಫೈಲಿನೊಳಗೇ ಹೋಗತ್ತೆ, ಕ್ಯಾಮೆರಾದ ರಾ ಫೈಲ್ (ಜೆಪೆಗ್ ಮಾಡದೆ ಸೆನ್ಸರಿನ ಮಾಹಿತಿ ಹಾಗೇ ಇಟ್ಟಿರೋ ಫೈಲ್) ಆದ್ರೆ ಪಕ್ಕದಲ್ಲಿ ಅದೇ ಹೆಸರಿನ ಎಕ್ಸ್‌ಎಂಪಿ ಅನ್ನೋ ಚಿಕ್ಕ ಫೈಲಾಗತ್ತೆ, ಇದೇನೋ ಕಸ ಅಂತ ಅದನ್ನ ಡಿಲೀಟ್ ಮಾಡೋರಿದಾರೆ, ಮಾಡ್ಬೇಡಿ. ವರ್ಷಾನುಗಟ್ಲೆ ಉಳೀಬೇಕು ಅನ್ನೋ ಹೆಸರು, ಊರು ಎಲ್ಲಾ ಕೀವರ್ಡಾಗಿ ಹಾಕಿ.

ಪ್ರಶ್ನೆ: ಒಂದೇ ಹೆಸರಿನ ಬೇರೆ ಬೇರೆ ಫೋಟೋ ಬರ್ತಿವೆ, ಯಾಕೆ?

ಉತ್ತರ: ಸಾಮಾನ್ಯವಾಗಿ ಕ್ಯಾಮೆರಾ ಫೈಲ್ ಹೆಸರಲ್ಲಿ ನಾಲ್ಕೇ ಅಂಕಿ ಇರೋದು, 9999 ಆದ್ಮೇಲೆ ಮತ್ತೆ 0001ಕ್ಕೆ ಬರತ್ತೆ, ಎರಡು ಕ್ಯಾಮೆರಾ ಇದ್ರಂತೂ ಇನ್ನೂ ಬೇಗ ಡಿಕ್ಕಿ ಹೊಡೀತವೆ. ಹೆಸರು ಒಂದೇ ಇದೆ ಅಂತ ಡೂಪ್ಲಿಕೇಟ್ ಅನ್ಕೊಂಡು ಅಳಿಸ್ಬೇಡಿ, ತೆರೆದು ನೋಡಿ. ಇಂಪೋರ್ಟ್ ಮಾಡೋವಾಗ್ಲೇ ಹೆಸರನ್ನ ತಾರೀಕು, ಸಮಯ, ಕೊನೇಲಿ ಹಳೇ ನಂಬರ್ ಬರೋ ಹಾಗೆ ಬದಲಾಯಿಸೋ ಸೆಟಿಂಗ್ ಎರಡು ಸಾಫ್ಟ್‌ವೇರಲ್ಲೂ ಇದೆ. ನಿಜವಾದ ಡೂಪ್ಲಿಕೇಟಿಗೆ ಲೈಟ್‌ರೂಮಲ್ಲಿ 'ಡೋಂಟ್ ಇಂಪೋರ್ಟ್ ಸಸ್ಪೆಕ್ಟೆಡ್ ಡೂಪ್ಲಿಕೇಟ್ಸ್' ಯಾವಾಗ್ಲೂ ಟಿಕ್ ಆಗಿರ್ಲಿ, ಅದು ಮೂಲ ಹೆಸರು, ಕ್ಲಿಕ್ಕಾದ ಸಮಯ, ಫೈಲ್ ಸೈಜು ಮೂರನ್ನೂ ಹೋಲಿಸತ್ತೆ. ಸೈಜ್ ಚಿಕ್ಕದು ಮಾಡಿದ ಕಾಪಿ ಇದಕ್ಕೆ ಸಿಕ್ಕಲ್ಲ, ಡಿಜಿಕ್ಯಾಮಿನ 'ಫೈಂಡ್ ಡೂಪ್ಲಿಕೇಟ್ಸ್' ಚಿತ್ರವನ್ನೇ ಹೋಲಿಸೋದ್ರಿಂದ ಅಂಥವೂ ಸಿಗತ್ವೆ, ಆದ್ರೆ ಒಂದರ ಹಿಂದೊಂದು ತೆಗೆದ ಒಂದೇ ಥರದ ಫೋಟೋಗಳನ್ನೂ ಅದು ಎತ್ತಿ ತೋರಿಸತ್ತೆ, ಯಾವ್ದು ಇಡ್ಬೇಕು ಅನ್ನೋದನ್ನ ನೀವೇ ನೋಡಿ ತೀರ್ಮಾನ ಮಾಡ್ಬೇಕು.