ರಕ್ತ ಜಿಲ್ಲೆಗೆ, ರೋಗಿ ಘಾಟಿ ಕೆಳಗೆ

ಬೆಂಗಳೂರಲ್ಲಿರೋ ಗೆಳೆಯ ಒಬ್ಬ ಫೋನಲ್ಲಿ ಕೇಳ್ದ, "ಅಲ್ಲ ಗುರು, ಯಾವಾಗ ನೋಡಿದ್ರೂ ಕ್ಲಬ್ಬು ಕ್ಲಬ್ಬು ಅಂತೀಯ, ಶಾಲು ಹೊದಿಸ್ಕೊಂಡು ಫೋಟೋ ತೆಗೆಸ್ಕೊಳ್ಳೋದು ಬಿಟ್ಟು ಬೇರೆ ಏನಾದ್ರೂ ಮಾಡ್ತೀರಾ? ಅಷ್ಟಕ್ಕೂ ನಿಮ್ಮೂರು ಮಂಗಳೂರಿಗೆ ಸೇರುತ್ತಾ, ಚಿಕ್ಕಮಗಳೂರಿಗಾ?" ಅವನಿಗೆ ಇವು ಎರಡು ಪ್ರಶ್ನೆ, ನಮಗೆ ಒಂದೇ. ಫೋನಲ್ಲಿ ಹೇಳಿ ಮುಗಿಯೋ ವಿಷಯ ಅಲ್ಲ ಮಾರಾಯ, ಬರೀತೀನಿ, ಕಾಫಿ ಕುಡೀತಾ ಓದು.

ನಮ್ದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದ ಕಡೆ. ನೀವೆಲ್ಲ ನೀರ್ ದೋಸೆ ತಿಂದು ಮಂಜಲ್ಲಿ ಸೆಲ್ಫಿ ತೆಗ್ದು ಧರ್ಮಸ್ಥಳಕ್ಕೆ ಇಳೀತೀರಲ್ಲ, ಅದೇ ದಾರಿ. ಜಿಲ್ಲೆ ಚಿಕ್ಕಮಗಳೂರು, ಗಾಡಿ ನಂಬರು ಕೆಎ 18, ಚಾರ್ಮಾಡಿ ಘಾಟಿ ಇಳಿದ್ರೆ ದಕ್ಷಿಣ ಕನ್ನಡ. 1956ರ ನವೆಂಬರ್ ತನಕ ಇದು ಬರೀ ಜಿಲ್ಲೆ ಗಡಿ ಆಗಿರ್ಲಿಲ್ಲ, ಮೇಲೆ ಮೈಸೂರು ರಾಜ್ಯ, ಕೆಳಗೆ ಮದ್ರಾಸು. ರಾಜ್ಯ ಒಂದಾಗಿ ಇಷ್ಟು ವರ್ಷ ಆದ್ರೂ ಕೆಳಗಿನೋರಿಗೆ ನಾವು ಘಟ್ಟದೋರು, ಜಿಲ್ಲಾ ಕೇಂದ್ರದಲ್ಲಿ ಬಾಯಿ ಬಿಟ್ರೆ "ಓ ನೀವು ಮಂಗಳೂರು ಕಡೆಯೋರಾ". ಮೀನು ಕೆಳಗಿಂದ ಬರುತ್ತೆ, ಪಹಣಿ ಮೇಲಿಂದ ಬರುತ್ತೆ, ನಾವು ಮಧ್ಯದಲ್ಲಿ ಆರಾಮಾಗೇ ಇದೀವಿ, ಹುಷಾರು ತಪ್ಪೋ ತನಕ.

ಇನ್ನು ಶಾಲಿನ ವಿಷಯ. ನಮ್ಮಂಥ ಸೇವಾ ಕ್ಲಬ್ಬುಗಳು, ಲಯನ್ಸ್ ಆಗ್ಲಿ ರೋಟರಿ ಆಗ್ಲಿ, ಎರಡೂ ಹುಟ್ಟಿದ್ದು ಶಿಕಾಗೋದಲ್ಲಿ, ಒಂದು 1917, ಇನ್ನೊಂದು 1905, ಇಬ್ಬರಿಗೂ ವರ್ಷ ಶುರು ಆಗೋದು ಜುಲೈ 1ಕ್ಕೆ. ಅಲ್ಲಿ ಜುಲೈ ಅಂದ್ರೆ ಬೇಸಿಗೆ ಅಂತೆ. ಇಲ್ಲಿ ಶೀಟಿನ ಮೇಲೆ ಮಳೆ ಹೊಡೆಯೋ ಸದ್ದಿಗೆ ಮೈಕಲ್ಲಿ ಹೇಳಿದ್ದೂ ಕೇಳ್ಸಲ್ಲ, ಕರೆಂಟು ಹೋಗಿ ಮೂರು ದಿನ ಆಗಿರುತ್ತೆ, ಅಂಥದ್ರಲ್ಲಿ ಹೊಸ ಅಧ್ಯಕ್ಷರ ಪದಗ್ರಹಣ. ಆ ಶಾಲು ನಮಗೆ ನಿಜವಾಗ್ಲೂ ಬೇಕಾಗುತ್ತೆ.

ಮಿಕ್ಕಿದ್ದೆಲ್ಲ ಎಲ್ಲಾ ಕಡೆ ಇರೋದೇ, ಶಾಲೆ ಮಕ್ಕಳಿಗೆ ನೋಟ್‌ಬುಕ್ಕು ಕೊಡೆ, ಕಣ್ಣಿನ ಕ್ಯಾಂಪು, ಗಿಡ ನೆಡೋದು. 2019ರ ಆಗಸ್ಟಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಕುಸಿದಾಗ ಅಕ್ಕಿ ಕಂಬಳಿ ಹೊತ್ಕೊಂಡು ಹೋದ್ವಿ, ಅದನ್ನ ದೊಡ್ಡದು ಮಾಡಿ ಹೇಳೋಕೆ ಮನಸ್ಸಿಲ್ಲ, ಆವಾಗ ಸಹಾಯಕ್ಕೆ ಅಂತ ಊರಿಗೆ ಊರೇ ಹೋಗಿತ್ತು. ಮಳೆ ಬಿಟ್ಟ ಮೇಲೆ ಘಾಟಿಯಲ್ಲಿ ಬಾಟ್ಲಿ ಹೆಕ್ಕೋ ಕಾರ್ಯಕ್ರಮ ಉಂಟು. ಆ ಬಾಟ್ಲಿ ಯಾರ್ದು ಅಂತ ನಾನು ಹೇಳಲ್ಲ.

ನಮ್ಮ ಜೀವ ತಿನ್ನೋದು ರಕ್ತದಾನ. ಇಂಬಳಕ್ಕೆ, ಅಂದ್ರೆ ಜಿಗಣೆಗೆ, ಮಳೆಗಾಲ ಪೂರ್ತಿ ಪುಕ್ಕಟೆ ಕೊಡೋ ಜನ ನಾವು, ಕೊಡೋಕೆ ಬೇಜಾರಿಲ್ಲ. ಆದ್ರೆ ಯಾವಾಗ ಕೊಡೋದು? ಜುಲೈ ಆಗಸ್ಟಲ್ಲಿ ಕ್ಯಾಂಪಿಗೆ ಬರೋಕೆ ರಸ್ತೆ ಇರಲ್ಲ. ನವೆಂಬರಿಂದ ಕಾಫಿ ಕುಯ್ಲು, ತೋಟದ ಉಸ್ತುವಾರಿ ನೋಡೋ ರೈಟರ್ ಹತ್ರ ಹೋಗಿ ಆಳುಗಳನ್ನ ಅರ್ಧ ದಿನ ಕಳ್ಸಿ ಅಂದ್ರೆ ಅವರು ನಮ್ಮನ್ನೇ ಹಣ್ಣು ಕುಯ್ಯೋಕೆ ಹಚ್ತಾರೆ. ಉಳಿಯೋದು ಅಕ್ಟೋಬರ್ 1, ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ಅದರ ಆಸುಪಾಸಲ್ಲಿ ಮಾಡ್ತೀವಿ. ಜೀಪಿಗೆ ಮೈಕ್ ಕಟ್ಕೊಂಡು ಕನ್ನಡ, ತುಳು, ಈಗ ಅಸ್ಸಾಂ ಕಡೆಯಿಂದ ಬಂದೋರಿಗೆ ಅಂತ ನಮ್ಮ ಹರಕು ಹಿಂದಿ. ತೋಟದ ಆಳುಗಳು ಇರೋ ಲೈನ್ ಮನೆ ಹೆಂಗಸರು ಒಳ್ಳೆ ಸೀರೆ ಉಟ್ಕೊಂಡು ಬರ್ತಾರೆ, ಬೆರಳು ಚುಚ್ಚಿ ನೋಡಿದ್ರೆ ಹಿಮೋಗ್ಲೋಬಿನ್ 12.5 ಇರಲ್ಲ, ವಾಪಸ್. ಒಬ್ಬಾಕೆ ಕೇಳಿದ್ರು, "ನಂಗೇ ರಕ್ತ ಇಲ್ಲ ಅಂತೀರಲ್ಲಪ್ಪ, ಹಂಗಾದ್ರೆ ನಂಗೆ ಯಾರು ಕೊಡ್ತಾರೆ?" ಬಿಸ್ಕತ್ತು ಪ್ಯಾಕೆಟ್ ಕೈಗೆ ಕೊಟ್ಟು ಕಳ್ಸಿದ್ವಿ, ಬೇರೆ ಏನು ಹೇಳೋದು.

ಸಂಜೆ ಹೊತ್ತಿಗೆ ಚೀಲಗಳೆಲ್ಲ ಐಸ್ ಬಾಕ್ಸಲ್ಲಿ ತುಂಬ್ಕೊಂಡು ಗಾಡಿ ಜಿಲ್ಲಾ ಕೇಂದ್ರದ ಕಡೆ ಹೊರಡುತ್ತೆ. ಸರೀನೇ, ನಮ್ಮ ಜಿಲ್ಲೆ. ಆದ್ರೆ ನಮ್ಮೂರಲ್ಲಿ ಯಾರಿಗಾದ್ರೂ ಎದೆನೋವು, ಆಕ್ಸಿಡೆಂಟು, ಹೆರಿಗೆ ಕಷ್ಟ ಅಂದ್ರೆ ಆಂಬುಲೆನ್ಸು ಮುಖ ಮಾಡೋದು ಕೆಳಕ್ಕೆ. ಅಲ್ಲಿ ಮೆಡಿಕಲ್ ಕಾಲೇಜುಗಳ ಸಾಲೇ ಇದೆ, ನಂಟರೂ ಅಲ್ಲೇ ಇರ್ತಾರೆ, ನಮ್ಮ ಅಜ್ಜ ಅಜ್ಜಿ ಕಾಲದಿಂದ ದೊಡ್ಡ ಕಾಯಿಲೆ ಅಂದ್ರೆ ಮಂಗಳೂರೇ. ರಕ್ತ ಜಿಲ್ಲೆಗೆ ಹೋಗುತ್ತೆ, ರೋಗಿ ಘಾಟಿ ಇಳೀತಾರೆ. ಅಲ್ಲಿ ಕೌಂಟರಲ್ಲಿ ಹೇಳೋದು ಒಂದೇ ಮಾತು, "ರೀಪ್ಲೇಸ್‌ಮೆಂಟ್‌ಗೆ ಡೋನರ್ ಕರ್ಕೊಂಡು ಬನ್ನಿ." ಅಂದ್ರೆ ತಗೊಂಡ ರಕ್ತದ ಬದಲಿಗೆ ನಿಮ್ಮ ಕಡೆಯೋರು ಯಾರಾದ್ರೂ ಕೊಡ್ಬೇಕು. ನಮ್ಮ ಕ್ಯಾಂಪಲ್ಲಿ ರಕ್ತ ಕೊಟ್ಟಿದ್ದಕ್ಕೆ ಸಿಕ್ಕ ಕಾರ್ಡ್ ತೋರ್ಸಿದ್ರೆ "ಇದು ಬೇರೆ ಬ್ಯಾಂಕಿಂದು". 2002ರ ರಾಷ್ಟ್ರೀಯ ರಕ್ತ ನೀತಿಯಲ್ಲೇ ಈ ರೀಪ್ಲೇಸ್‌ಮೆಂಟ್ ಪದ್ಧತಿ ನಿಲ್ಲಿಸ್ಬೇಕು ಅಂತ ಇದೆ, ಹೋಗಿ ರಾತ್ರಿ ಎರಡು ಗಂಟೆಗೆ ಕೌಂಟರ್ ಮುಂದೆ ನಿಂತು ನೀತಿ ಓದು ನೋಡೋಣ. ಅವರದ್ದೂ ತಪ್ಪಲ್ಲ, ಕೊಡ್ತಾ ಹೋದ್ರೆ ಫ್ರಿಡ್ಜ್ ಖಾಲಿ ಆಗುತ್ತೆ.

ಹಂಗಾಗಿ ಕ್ಲಬ್ಬಿನ ನಿಜವಾದ ಕೆಲಸ ಫೋನು. ಮಂಗಳೂರಲ್ಲಿ ಓದ್ತಿರೋ ನಮ್ಮ ತಾಲ್ಲೂಕಿನ ಹುಡುಗ್ರ ಲಿಸ್ಟ್ ಇಟ್ಕೊಂಡಿದೀವಿ. ಹಿಂದಿನ ಸಲ ರಕ್ತ ಕೊಟ್ಟು ಗಂಡು ಹುಡುಗ್ರಾದ್ರೆ 90 ದಿನ, ಹೆಣ್ಮಕ್ಕಳಾದ್ರೆ 120 ದಿನ ಕಳೆದಿರ್ಬೇಕು, ಖಾಲಿ ಹೊಟ್ಟೇಲಿ ಕೊಡೋ ಹಾಗಿಲ್ಲ, ಹಾಸ್ಟೆಲ್ ವಾರ್ಡನ್ ಗೇಟ್ ತೆಗೀಬೇಕು. ಡೆಂಗ್ಯೂ ಟೈಮಲ್ಲಿ ಪ್ಲೇಟ್‌ಲೆಟ್ ಬೇಕು ಅಂದ್ರೆ ಅದು 5 ದಿನಕ್ಕಿಂತ ಜಾಸ್ತಿ ಇಡೋಕೇ ಬರಲ್ಲ, ಮತ್ತೆ ಫೋನು. ಮೇಲಿಂದ ಯಾರಾದ್ರೂ ಇಳಿದು ಹೋಗ್ತೀವಿ ಅಂದ್ರೆ ಮೊದಲು ಫೋನಲ್ಲಿ ಇನ್ನೊಂದು ಮೆಸೇಜ್ ಗ್ರೂಪ್ ನೋಡ್ಬೇಕು, ಆನೆ ಎಲ್ಲಿದೆ ಅಂತ ಹೇಳೋ ಆನೆ ಗ್ರೂಪು. ಒಂದ್ಸಲ ಒಂದರ ಕೆಳಗೊಂದು ಮೆಸೇಜು ಬಂದಿತ್ತು, "ಓ ನೆಗೆಟಿವ್ ಅರ್ಜೆಂಟ್ ಬೇಕು", "ಒಂಟಿ ಸಲಗ ರಸ್ತೆಯಲ್ಲಿ ಇದೆ, ಯಾರೂ ಬರಬೇಡಿ". ಎರಡಕ್ಕೂ ಯಾರೋ ಕೈ ಮುಗಿಯೋ ಎಮೋಜಿ ಹಾಕಿದ್ರು.

ರಕ್ತ ಸಿಕ್ಕಿದ ಮೇಲೂ ಮುಗಿಯಲ್ಲ ಗೊತ್ತಾ. ಮಾರನೇ ದಿನ ರೋಗಿ ಕಡೆಯೋರು ಫೋನ್ ಮಾಡಿ ಜಗಳ, "ನಮ್ಮಣ್ಣ ಕೊಟ್ಟ ರಕ್ತ ಅಮ್ಮಂಗೆ ಹಾಕೇ ಇಲ್ವಂತೆ, ಯಾರ್ದೋ ಹಾಕಿದ್ರಂತೆ." ಕೊಟ್ಟ ರಕ್ತನ ಎಚ್‌ಐವಿ, ಕಾಮಾಲೆ, ಮಲೇರಿಯಾ ಅಂತೆಲ್ಲ ಟೆಸ್ಟ್ ಮಾಡ್ದೆ ಯಾರಿಗೂ ಹಾಕೋ ಹಾಗಿಲ್ಲ, ಅಮ್ಮಂಗೆ ಹಾಕಿದ್ದು ಮೊದಲೇ ಟೆಸ್ಟ್ ಆಗಿ ಇಟ್ಟಿದ್ದು, ಅಣ್ಣ ಕೊಟ್ಟಿದ್ದು ಆ ಜಾಗಕ್ಕೆ ಹೋಯ್ತು ಅಂತ ಹೇಳಿ ಹೇಳಿ ನಂಗೆ ಬಾಯಿಪಾಠ ಆಗಿದೆ. ಕೆಲವರು ಒಪ್ತಾರೆ. ಕೆಲವರು "ನಿಮಗೂ ಅವರಿಗೂ ಏನೋ ಇದೆ" ಅಂತ ಫೋನ್ ಇಡ್ತಾರೆ.

ಇ-ರಕ್ತಕೋಶ ಅಂತ ಸರ್ಕಾರದ ಪೋರ್ಟಲ್ ಇದೆ, 2016ರಿಂದ, ಯಾವ ಬ್ಯಾಂಕಲ್ಲಿ ಯಾವ ಗ್ರೂಪ್ ಎಷ್ಟಿದೆ ನೋಡ್ಬಹುದು. ನಮ್ಮೂರೋರು ಇಲ್ಲಿ ಕೊಟ್ಟಿದ್ದು ಅಲ್ಲಿ ಲೆಕ್ಕಕ್ಕೆ ಬರ್ಲಿ ಅನ್ನೋದಷ್ಟೇ ನಮ್ಮ ಬೇಡಿಕೆ. ಅದು ಆಗೋ ತನಕ ಕೆಳಗಿನ ಒಂದು ಬ್ಲಡ್ ಬ್ಯಾಂಕನ್ನೇ ಘಾಟಿ ಹತ್ತಿಸಿ ಇನ್ನೊಂದು ಕ್ಯಾಂಪ್ ಮಾಡೋಣ ಅಂತ ಹೋದ ಮೀಟಿಂಗಲ್ಲಿ ನಾನೇ ಎತ್ತಿದೆ. ಒಬ್ಬ ಹಿರಿಯ ಪ್ಲಾಂಟರ್ ಎದ್ದು ನಿಂತು, "ಏನಯ್ಯ, ನಮ್ಮ ಜಿಲ್ಲೆ ಬಿಟ್ಟು ಹೊರಗಿನೋರಿಗೆ ಯಾಕೆ ಕೊಡ್ಬೇಕು?" ಅಂದ್ರು. ಅವರ ಬೈಪಾಸ್ ಆಗಿದ್ದು ಮಂಗಳೂರಲ್ಲೇ ಅಂತ ಹಿಂದಿನ ಬೆಂಚಿಂದ ಯಾರೋ ನೆನಪು ಮಾಡಿದ್ರು, ಆಮೇಲೆ ಚರ್ಚೆ ಬೇಗ ಮುಗೀತು.

ಆ ಕ್ಯಾಂಪು ಮಾರ್ಚಲ್ಲಿ ಅಂತ ಆಗಿದೆ, ಡೇಟ್ ಇಲ್ಲ. ಕಾಫಿ ಹೂ ಅರಳಿಸೋ ಹೂಮಳೆ ಟೈಮಿಗೆ ಬಂದ್ರೆ ಸರಿ, ಬರ್ಲಿಲ್ಲ ಅಂದ್ರೆ ತೋಟದೋರೆಲ್ಲ ಹಗಲೂ ರಾತ್ರಿ ಸ್ಪ್ರಿಂಕ್ಲರ್ ಹಿಂದೆ ಇರ್ತಾರೆ, ಕ್ಯಾಂಪಿಗೆ ನರಪಿಳ್ಳೆ ಬರಲ್ಲ. ಡೇಟ್ ಗೊತ್ತಾದ ಕೂಡ್ಲೇ ಹೇಳ್ತೀನಿ, ಬಂದ್ಬಿಡು. ತಿಂಡಿ ತಿಂದ್ಕೊಂಡೇ ಬಾ. ತೂಕ ಕಮ್ಮಿ ಅಂದ್ರೂ 45 ಕೆಜಿ ಇರ್ಬೇಕು ಅಂತ ರೂಲ್ಸು, ನಿನ್ನ ವಿಷಯದಲ್ಲಿ ಆ ಚಿಂತೆ ಇಲ್ಲ.