ಓದುಗರ ಪ್ರಶ್ನೆ: ಸೋಫಿ ಜರ್ಮೇನ್ ಮತ್ತು ತಗಡಿನ ಮೇಲಿನ ಹೊಯ್ಗೆ

ಪ್ರಶ್ನೆ: ಫ್ರಾನ್ಸಿನ ಸೋಫಿ ಜರ್ಮೇನ್ ಗಂಡಸಿನ ಹೆಸರಿನಲ್ಲಿ ಗಣಿತ ಬರೆಯುತ್ತಿದ್ದರಂತೆ. ಯಾಕೆ?
— ಪಿಯುಸಿ ವಿದ್ಯಾರ್ಥಿನಿ, ಉಡುಪಿ

ಉತ್ತರ: ಬೇರೆ ದಾರಿ ಇರಲಿಲ್ಲ. ಅವರು ಹುಟ್ಟಿದ್ದು 1776ರಲ್ಲಿ, ಪ್ಯಾರಿಸ್ಸಿನಲ್ಲಿ. 1794ರಲ್ಲಿ ಅಲ್ಲೇ ಶುರುವಾದ ಎಂಜಿನಿಯರಿಂಗ್ ಕಾಲೇಜು ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಪಾಠದ ಟಿಪ್ಪಣಿ ತರಿಸಿಕೊಂಡು ಓದಿ, ಲೆಬ್ಲಾಂ ಎಂಬ ವಿದ್ಯಾರ್ಥಿಯ ಹೆಸರಿನಲ್ಲಿ ಅಲ್ಲಿನ ಗಣಿತದ ಪ್ರಾಧ್ಯಾಪಕ ಲಗ್ರಾಂಜ್‌ಗೆ ಬರೆದು ಕಳಿಸಿದರು. ಗುಟ್ಟು ತಿಳಿದ ಮೇಲೂ ಲಗ್ರಾಂಜ್ ಬೆನ್ನಿಗೆ ನಿಂತರು. 1804ರಿಂದ ಜರ್ಮನಿಯ ಗಣಿತಜ್ಞ ಗೌಸ್‌ಗೆ ಬರೆದ ಪತ್ರಗಳೂ ಇದೇ ಹೆಸರಿನವು. ನೆಪೋಲಿಯನ್ನನ ಯುದ್ಧದಲ್ಲಿ ಗೌಸ್‌ಗೆ ಏನಾದರೂ ಆದೀತೆಂದು ಹೆದರಿ, ಪರಿಚಯದ ಸೇನಾಧಿಕಾರಿ ಪೆರ್ನೆಟಿಯ ಮೂಲಕ ಯೋಗಕ್ಷೇಮ ವಿಚಾರಿಸಿದಾಗ ನಿಜ ಹೆಸರು ಬಯಲಾಯಿತು.

ಪ್ರಶ್ನೆ: ಸೋಫಿ ಲೆಕ್ಕ ಹಾಕಿದ ಕ್ಲಾಡ್ನಿ ಚಿತ್ರಗಳನ್ನು (ಅದುರುವ ತಗಡಿನ ಮೇಲೆ ಹೊಯ್ಗೆ ಬಿಡಿಸುವ ಗೆರೆಗಳನ್ನು) ಮಕ್ಕಳಿಗೆ ತೋರಿಸಬೇಕೆಂದು ಅಲ್ಯೂಮಿನಿಯಂ ತಗಡಿಗೆ ಪಣಂಬೂರಿನ ಹೊಯ್ಗೆ ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆದೆವು. ಗೆರೆಯೇ ಮೂಡಲಿಲ್ಲ.
— ಹೈಸ್ಕೂಲ್ ಶಿಕ್ಷಕರು, ಮಂಗಳೂರು

ಉತ್ತರ: ಮೊದಲ ಅನುಮಾನ ಹೊಯ್ಗೆಯ ಮೇಲೇ. ಕಡಲ ಹೊಯ್ಗೆಯಲ್ಲಿರುವ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕಣಗಳು ತಗಡಿಗೇ ಅಂಟಿ ಕೂರುತ್ತವೆ. ಸಿಹಿನೀರಿನಲ್ಲಿ ಮೂರು ನಾಲ್ಕು ಸಲ ತೊಳೆದು, ಬಾಣಲೆಯಲ್ಲಿ ಹುರಿದು, ಆರಿದ ಮೇಲೆ ಜರಡಿ ಹಿಡಿಯಿರಿ. ಹಾಗೆಂದು ಹಿಟ್ಟಿನಷ್ಟು ನುಣ್ಣಗಿನ ಪುಡಿ ಬೇಡ. ತಗಡಿನ ಕಂಪನದಿಂದ ಏಳುವ ಗಾಳಿಯ ಸುಳಿಗೆ ಸಿಕ್ಕಿ ಅದು ತಗಡು ಜೋರಾಗಿ ಅದುರುವ ಜಾಗದಲ್ಲೇ ಗುಡ್ಡೆಯಾಗುತ್ತದೆ. ಹೊಯ್ಗೆ ಸೇರುವುದು ಅದುರದ ಜಾಗಕ್ಕೆ. ಈ ವ್ಯತ್ಯಾಸವನ್ನು ಇಂಗ್ಲೆಂಡಿನ ವಿಜ್ಞಾನಿ ಫ್ಯಾರಡೆ ವಿವರಿಸಿದ್ದು 1831ರಲ್ಲಿ, ಸೋಫಿ ತೀರಿಕೊಂಡ ವರ್ಷವೇ.

ತಗಡು 20 ಸೆಂ.ಮೀ. ಚೌಕ, 1 ಮಿ.ಮೀ. ದಪ್ಪ ಇದ್ದರೆ ಸಾಕು, ಆದರೆ ಸಪಾಟಾಗಿರಬೇಕು. ನಟ್ಟನಡುವೆ ತೂತು ಕೊರೆದು, ಚಿಕ್ಕ ವಾಷರ್ ಹಾಕಿ, ಮರದ ತುಂಡಿಗೆ ಬೋಲ್ಟಿನಿಂದ ಬಿಗಿಯಿರಿ. ದೊಡ್ಡ ವಾಷರ್ ಕಂಪನವನ್ನು ತಿಂದುಹಾಕುತ್ತದೆ. ಅಂಚನ್ನು ಅರದಿಂದ ಉಜ್ಜಿ ನಯ ಮಾಡದಿದ್ದರೆ ಕಮಾನಿನ ಕೂದಲು ತುಂಡಾದೀತು. ಕಮಾನಿಗೆ ರೋಸಿನ್ (ಪಿಟೀಲಿಗೆ ಬಳಸುವ ರಾಳ) ಹಚ್ಚಿ ಮೇಲಿಂದ ಕೆಳಕ್ಕೆ ಒಂದೇ ಸಮ ಎಳೆಯಿರಿ. ಬೆರಳು ಮರೆಯಬೇಡಿ: ಮೂಲೆಗೆ ಬೆರಳಿಟ್ಟು ಬದಿಯ ಮಧ್ಯದಲ್ಲಿ ಕಮಾನು ಎಳೆದರೆ ಎರಡು ಕರ್ಣಗಳು ಮೂಡುತ್ತವೆ, ಬದಿಯ ಮಧ್ಯಕ್ಕೆ ಬೆರಳಿಟ್ಟು ಮೂಲೆಯ ಬಳಿ ಎಳೆದರೆ ಕೂಡಿಸುವ ಚಿಹ್ನೆ.

ಜರ್ಮನ್ ವಿಜ್ಞಾನಿ ಕ್ಲಾಡ್ನಿ ಇದನ್ನು 1808ರಲ್ಲಿ ಪ್ಯಾರಿಸ್ಸಿಗೆ ತಂದು ತೋರಿಸಿದ ಮೇಲೆ, ಇದರ ಗಣಿತ ಕಂಡುಹಿಡಿದವರಿಗೆ ಅಲ್ಲಿನ ವಿಜ್ಞಾನ ಅಕಾಡೆಮಿ ಬಹುಮಾನ ಸಾರಿತು. 1811ರಲ್ಲಿ ಬಂದ ಒಂದೇ ಪ್ರಬಂಧ ಸೋಫಿಯದು, ಅದರ ಸಮೀಕರಣ ತಪ್ಪಿತ್ತು. ಲಗ್ರಾಂಜ್ ತಿದ್ದಿದರು. ನನಗನ್ನಿಸುವಂತೆ ಆ ತಪ್ಪು ಬುದ್ಧಿಯದ್ದಲ್ಲ. ಕಲನಶಾಸ್ತ್ರವನ್ನು ಒಬ್ಬರೇ ಓದಿಕೊಂಡವರಿಗೆ ಅದನ್ನು ಮೊದಲೇ ತೋರಿಸಿಕೊಡುವ ಗುರುವಿರಲಿಲ್ಲ. 1813ರಲ್ಲಿ ಮೆಚ್ಚುಗೆಯಷ್ಟೇ, 1816ರಲ್ಲಿ ಬಹುಮಾನ. ಮೇಲ್ಮೈ ಎರಡು ದಿಕ್ಕಿನಲ್ಲಿ ಎಷ್ಟು ಬಾಗಿದೆಯೋ ಆ ಎರಡೂ ವಕ್ರತೆಗಳ ಮೊತ್ತಕ್ಕೆ ತಕ್ಕಂತೆ ಅದನ್ನು ಮೊದಲಿನಂತೆ ಮಾಡಲೆಳೆಸುವ ಮರುಬಲ ಹುಟ್ಟುತ್ತದೆ ಎಂಬುದು ಅವರ ಊಹೆ. ತಗಡಿನ ಅಂಚಿಗೆ ಸರಿಯಾದ ನಿಯಮ ಕೊಟ್ಟವರು ಜರ್ಮನ್ ಭೌತವಿಜ್ಞಾನಿ ಕಿರ್ಖಾಫ್, 1850ರಲ್ಲಿ.

ಪ್ರಶ್ನೆ: ಸೋಫಿ ಜರ್ಮೇನ್ ಅವಿಭಾಜ್ಯ ಸಂಖ್ಯೆಗಳನ್ನು ಬೇಗ ಗುರುತಿಸುವುದು ಹೇಗೆ?
— ಓದುಗರು, ಕಾಪು

ಉತ್ತರ: ಅವಿಭಾಜ್ಯವನ್ನು ಇಮ್ಮಡಿಸಿ 1 ಕೂಡಿದಾಗ ಬರುವುದೂ ಅವಿಭಾಜ್ಯವಾಗಿರಬೇಕು: 2, 3, 5, 11, 23. ಮೂರರಿಂದ ಭಾಗಿಸಿ ಶೇಷ 1 ಉಳಿದರೆ ಬಿಟ್ಟುಬಿಡಿ. 13ಕ್ಕೆ 27 ಬರುತ್ತದೆ, ಮೂರರ ಮಗ್ಗಿ. ಕೊನೆಯಂಕಿ 7 ಇದ್ದರೂ ಆಗದು, 17ಕ್ಕೆ 35. ಉಳಿದವನ್ನು ಪರೀಕ್ಷಿಸಲೇಬೇಕು. ಇಂಥ ಬೆಸ ಅವಿಭಾಜ್ಯ ಘಾತದಲ್ಲಿ ಫರ್ಮಾ ಸಮೀಕರಣಕ್ಕೆ (aⁿ + bⁿ = cⁿ) ಪೂರ್ಣಾಂಕಗಳ ಪರಿಹಾರವಿದ್ದರೆ, ಅದರ ಮೂರು ಸಂಖ್ಯೆಗಳಲ್ಲಿ ಒಂದಾದರೂ ಆ ಘಾತದಿಂದ ಭಾಗವಾಗಲೇಬೇಕೆಂದು ಸೋಫಿ ಸಾಧಿಸಿದರು. ಫ್ರೆಂಚ್ ಗಣಿತಜ್ಞ ಲೆಜಾಂಡ್ರ್ ತಮ್ಮ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಇದರ ಶ್ರೇಯವನ್ನು ಅವರಿಗೆ ಕೊಟ್ಟಿದ್ದಾರೆ. ಇಂಥ ಸಂಖ್ಯೆಗಳು ಅನಂತವೇ ಎಂಬುದನ್ನು ಇನ್ನೂ ಯಾರೂ ಸಾಧಿಸಿಲ್ಲ.